ಎಲ್ಲವನ್ನೂ ಸೆಕೆಯ ಲೆಕ್ಕಕ್ಕೆ ಹಾಕಬೇಡಿ: ಮುಟ್ಟು ನಿಲ್ಲುವ ಮೊದಲಿನ ವರ್ಷಗಳ ಬಗ್ಗೆ

ಮಂಗಳೂರಿನಲ್ಲಿ ಬೆವರಿದರೆ ಯಾರೂ ಕಾರಣ ಕೇಳುವುದಿಲ್ಲ. ಸೆಕೆ, ಅಷ್ಟೇ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಇಡೀ ಕರಾವಳಿಯ ಬಾಯಲ್ಲಿ ಒಂದೇ ಮಾತು, "ಎಂತ ಸೆಕೆ ಮಾರಾಯ್ರೆ". ಹಾಗಾಗಿ 44ನೇ ವಯಸ್ಸಿನಲ್ಲಿ ಎದೆಯೊಳಗಿಂದ ಬಿಸಿ ಏಳಲು ಶುರುವಾದಾಗ ನಾನೂ ಅದನ್ನು ಸೆಕೆಯ ಲೆಕ್ಕಕ್ಕೇ ಹಾಕಿದೆ. ಫ್ಯಾನ್ ಜೋರು ಮಾಡಿದೆ. ಮಲಗುವ ಮೊದಲು ಇನ್ನೊಂದು ಸ್ನಾನ ಮಾಡಿದೆ.

ಆಮೇಲೆ ಡಿಸೆಂಬರ್ ಬಂತು. ಉಡುಪಿಯಿಂದ ಮಂಗಳೂರಿಗೆ ಹೋಗುವ ಬೆಳಗ್ಗಿನ ಬಸ್ಸು, ಕಾಪು ದಾಟಿ ಪಡುಬಿದ್ರಿ ಹತ್ತಿರ ಬಂದಿರಬೇಕು. ಪಕ್ಕದಲ್ಲಿ ಕೂತ ಅಜ್ಜಿ ಸೆರಗನ್ನು ತಲೆ ಮೇಲೆ ಎಳೆದುಕೊಂಡು "ಸ್ವಲ್ಪ ಕಿಟಕಿ ಹಾಕು ಮಗಾ, ಚಳಿ ಆಗ್ತದೆ" ಅಂದರು. ನನಗೆ ಅದೇ ಹೊತ್ತಿಗೆ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಕಿವಿ ಸುಡುತ್ತಿತ್ತು. ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಮೂರು ನಿಮಿಷ ಇದ್ದಿರಬಹುದು. ಮತ್ತೆ ಬೆವರು ಆರಿ ಮೈ ನಡುಗಿ ಕಿಟಕಿಯನ್ನು ನಾನೇ ಹಾಕಿದೆ. ಸೆಕೆ ಹೀಗೆ ಬಂದು ಹೀಗೆ ಹೋಗುವುದಿಲ್ಲ. ಅಷ್ಟು ಹೊತ್ತಿಗೆ ಸುಮಾರು ಎಂಟು ತಿಂಗಳು ಕಳೆದಿತ್ತು.

ಮುಟ್ಟು ನಿಲ್ಲುವ ಮೊದಲಿನ ಈ ಏರುಪೇರಿನ ವರ್ಷಗಳಿಗೆ ಡಾಕ್ಟರುಗಳು ಪೆರಿಮೆನೋಪಾಸ್ ಅನ್ನುತ್ತಾರೆ. ಮುಟ್ಟು ನಿಲ್ಲುವುದಕ್ಕೆ ಕನ್ನಡದಲ್ಲಿ ಪದ ಉಂಟು, ಋತುಬಂಧ, ಮುಟ್ಟಂತ್ಯ. ಆದರೆ ನಿಲ್ಲುವ ಮೊದಲಿನ ಆ ನಾಲ್ಕೈದು ವರ್ಷಕ್ಕೆ ನಾವು ದಿನಾ ಆಡುವ ಮಾತಿನಲ್ಲಿ ಹೆಸರೇ ಇಲ್ಲ. ಅಮ್ಮ, ದೊಡ್ಡಮ್ಮ "ತಿಂಗಳು ನಿಲ್ಲುವ ಸಮಯ ಅಲ್ವಾ" ಅಂತ ಹೇಳಿ ಮಾತು ಬದಲಾಯಿಸುತ್ತಿದ್ದರು. ಹೆಸರಿಲ್ಲದ ಕಾರಣ ಒಂದೊಂದು ತೊಂದರೆಯೂ ಒಂದೊಂದು ಬಾಗಿಲಿಗೆ ಹೋಗುತ್ತದೆ. ಎದೆ ಬಡಿತಕ್ಕೆ ಇಸಿಜಿ. ಭುಜ ಎತ್ತಲಾಗದ್ದಕ್ಕೆ ಮೂಳೆ ಡಾಕ್ಟರು. ನಿದ್ದೆ ಇಲ್ಲದ್ದಕ್ಕೆ ಮಾತ್ರೆ. ಸಿಟ್ಟಿಗೆ ಮನೆಯವರ ಬೈಗುಳ. ಜಾಸ್ತಿ ರಕ್ತ ಹೋಗುವುದಕ್ಕೆ ಗರ್ಭಕೋಶದ ಆಪರೇಶನ್. ಮಂಗಳೂರು, ಮಣಿಪಾಲ ಅಂದರೆ ಆಸ್ಪತ್ರೆಗಳ ಊರು, ಕಾಸರಗೋಡು, ಶಿವಮೊಗ್ಗದಿಂದಲೂ ಜನ ಬರುತ್ತಾರೆ, ಬಾಗಿಲುಗಳಿಗೆ ಇಲ್ಲಿ ಏನೂ ಕೊರತೆ ಇಲ್ಲ. ಆದರೆ ಈ ಐದೂ ಒಂದೇ ಕಡೆಯಿಂದ ಬರುತ್ತಿರಬಹುದು ಅಂತ ಒಟ್ಟಿಗೆ ಕೂರಿಸಿ ಹೇಳುವವರು ಸಿಗುವುದು ಕಷ್ಟ. ನಾವು ಕೇಳುವುದೂ ಇಲ್ಲ.

ಒಳಗೆ ಆಗುವುದು ಏನು ಅಂದರೆ, ಅಂಡಾಶಯದಲ್ಲಿ ಉಳಿದ ಅಂಡಗಳು ಕಡಿಮೆಯಾಗುತ್ತಾ ಬರುತ್ತವೆ. ಆಗ ಅಲ್ಲಿ ತಯಾರಾಗುವ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಮೆಲ್ಲಗೆ ಇಳಿಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಮಳೆಗಾಲದ ನಮ್ಮ ಕರೆಂಟಿನ ಹಾಗೆ ಅದು. ಒಮ್ಮೆ ಬಲ್ಬು ಮಂಕಾಗಿ ಕೆಂಪಗೆ ಉರಿಯುತ್ತದೆ, ಮರುಕ್ಷಣ ಒಡೆದುಹೋಗುವಷ್ಟು ಬೆಳಕು. ಈಸ್ಟ್ರೋಜನ್ ಕೆಲವು ದಿನ ಮೊದಲಿಗಿಂತಲೂ ಜಾಸ್ತಿ ಇರುತ್ತದೆ, ಕೆಲವು ದಿನ ನೆಲ ಹಿಡಿಯುತ್ತದೆ. ಇದರ ಜೊತೆ ಕೆಲವು ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ. ಅಂಡ ಬಿಡದಿದ್ದರೆ ಒಳಪದರವನ್ನು ಹಿಡಿತದಲ್ಲಿಡುವ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ತಯಾರಾಗುವುದಿಲ್ಲ. ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗುತ್ತದೆ, ಮತ್ತೆ ಒಂದು ದಿನ ಕಟ್ಟೆ ಒಡೆದ ಹಾಗೆ ಹೋಗುತ್ತದೆ. ಎರಡು ತಿಂಗಳು ಏನೂ ಇಲ್ಲ, ಮೂರನೇ ತಿಂಗಳು ಹನ್ನೆರಡು ದಿನ ನಿಲ್ಲುವುದೇ ಇಲ್ಲ ಅನ್ನುವುದು ಇದರಿಂದಲೇ.

ಇನ್ನೊಂದು ವಿಷಯವೂ ಇದರಿಂದ ಗೊತ್ತಾಗುತ್ತದೆ. ಲ್ಯಾಬಿನಲ್ಲಿ ಹಾರ್ಮೋನ್ ಪ್ಯಾಕೇಜ್ ಅಂತ ಸಾವಿರಾರು ರೂಪಾಯಿಯ ಟೆಸ್ಟ್ ಮಾಡಿಸಿದರೆ ಸಿಗುವುದು ಆ ಒಂದು ದಿನದ ಲೆಕ್ಕ. ಮುಂದಿನ ವಾರ ಅದು ಬೇರೆಯೇ ಇರುತ್ತದೆ. ಬ್ರಿಟನ್ನಿನ ಆರೋಗ್ಯ ಇಲಾಖೆಗೆ ಸಲಹೆ ಕೊಡುವ ನೈಸ್ ಸಂಸ್ಥೆ 2015ರಲ್ಲೇ ಇದನ್ನು ಬರೆದಿಟ್ಟಿದೆ: 45 ದಾಟಿದವರಲ್ಲಿ ಮುಟ್ಟಿನ ಬದಲಾವಣೆ, ಬಿಸಿ ಏಳುವುದು ಇವೆಲ್ಲ ಇದ್ದರೆ ಪೆರಿಮೆನೋಪಾಸ್ ಅನ್ನಲು ಹಾರ್ಮೋನ್ ಟೆಸ್ಟ್ ಬೇಕಾಗಿಲ್ಲ. ಆ ದುಡ್ಡಿನಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಿಸಿ. ಥೈರಾಯ್ಡ್ ತೊಂದರೆಯೂ ಸುಸ್ತು, ತೂಕ, ಮುಟ್ಟಿನ ಏರುಪೇರು ಎಲ್ಲವನ್ನೂ ಹೀಗೆಯೇ ತರುತ್ತದೆ, ಅದು ಇದ್ದರೆ ಮದ್ದು ಬೇರೆ. 40ರ ಒಳಗೇ ಮುಟ್ಟು ತಪ್ಪಲು ಶುರುವಾದರೆ ಮಾತ್ರ ಕಥೆ ಬೇರೆ, ಅಲ್ಲಿ ಟೆಸ್ಟ್ ಬೇಕೇ ಬೇಕು.

ವಯಸ್ಸಿನ ಲೆಕ್ಕದಲ್ಲೂ ನಾವು ಹೊರಗಿನವರ ಪುಸ್ತಕ ನೋಡಿ ಮೋಸ ಹೋಗುತ್ತೇವೆ. ಅಮೆರಿಕ, ಯುರೋಪಿನಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51ರ ಆಸುಪಾಸು. ನಮ್ಮ ದೇಶದಲ್ಲಿ ಅದು 46-47. ಕೊನೆಯ ಮುಟ್ಟು ಆಗಿ ಪೂರ್ತಿ 12 ತಿಂಗಳು ಕಳೆದ ಮೇಲೆಯೇ ನಿಂತಿತು ಅನ್ನುವುದು. ಅದಕ್ಕಿಂತ ಕೆಲವು ವರ್ಷ ಮೊದಲೇ ಏರುಪೇರು ಶುರು. ಅಂದರೆ ನಮ್ಮಲ್ಲಿ 41, 42ಕ್ಕೇ ಇದು ಬರಬಹುದು, ಆಗ ಮಗಳಿಗೆ ಎಸ್ಸೆಸ್ಸೆಲ್ಸಿ, ಅತ್ತೆಗೆ ಮೊಣಕಾಲು ನೋವು, ಕೆಲಸದಲ್ಲಿ ಪ್ರಮೋಶನ್ ಎಲ್ಲ ಒಟ್ಟಿಗೆ ಇರುತ್ತದೆ, ಸುಸ್ತಾಗುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಹಾಗಾಗಿ ಯಾರಿಗೂ ಸಂಶಯವೇ ಬರುವುದಿಲ್ಲ.

ಬಿಸಿ ಏಳುವುದಕ್ಕೆ ಬರುತ್ತೇನೆ, ನಮ್ಮ ಊರಿನಲ್ಲಿ ಇದು ಸ್ವಲ್ಪ ಬೇರೆ ವಿಷಯ. ಮೈಯ ಶಾಖ ನೋಡಿಕೊಳ್ಳುವ ಜಾಗ ಮೆದುಳಿನಲ್ಲಿದೆ. ಮೊದಲಾದರೆ ಹೊರಗೆ ಸ್ವಲ್ಪ ಬಿಸಿಯಾದರೂ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಈಸ್ಟ್ರೋಜನ್ ಏರಿಳಿದಾಗ ಆ ಸಹನೆ ಕಡಿಮೆಯಾಗುತ್ತದೆ. ಚೂರು ಬಿಸಿಗೂ ಗಾಬರಿ ಬಿದ್ದು ರಕ್ತನಾಳಗಳನ್ನು ಅಗಲ ಮಾಡಿ ಬೆವರಿಸಿ ಶಾಖವನ್ನು ಹೊರಗೆ ತಳ್ಳುತ್ತದೆ. ಬೆವರು ಆರಿದರೆ ಮೈ ತಣ್ಣಗಾಗಬೇಕು. ಆದರೆ ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಬೆವರು ಆರುವುದೇ ನಿಧಾನ. ಹೊರಗಿನ ಸೆಕೆ ಒಂದು ಕಡೆ, ಒಳಗಿನದ್ದು ಇನ್ನೊಂದು ಕಡೆ. ಗುರುತು ಹಿಡಿಯುವುದು ಹೀಗೆ: ಎದೆಯಲ್ಲಿ ಶುರುವಾಗಿ ಕುತ್ತಿಗೆ, ಮುಖಕ್ಕೆ ಏರಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ, ಕೊನೆಗೆ ಚಳಿ ಹಿಡಿಯುತ್ತದೆ, ಪಕ್ಕದವರಿಗೆ ಆಗಿರುವುದಿಲ್ಲ. ಅಮೆರಿಕದಲ್ಲಿ 1996ರಿಂದ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಸ್ವಾನ್ ಅನ್ನುವ ಅಧ್ಯಯನದಲ್ಲಿ, ಪದೇ ಪದೇ ಬಿಸಿ ಏಳುವವರಲ್ಲಿ ಅದು ಸುಮಾರು 7.4 ವರ್ಷ ಇತ್ತು ಅಂತ 2015ರಲ್ಲಿ ತಿಳಿಸಿದರು. ಒಂದು ಬೇಸಿಗೆಯ ಮಾತಲ್ಲ.

ನನ್ನ ದೊಡ್ಡಮ್ಮನಿಗೆ ಈಗ 71. ಇದನ್ನೆಲ್ಲ ನಾನು ಹೇಳಿದಾಗ ಅವರು ಬೀನ್ಸ್ ಮುರಿಯುವುದನ್ನು ನಿಲ್ಲಿಸಿದರು. "ನನಗೂ ಆಗ್ತಿತ್ತು" ಅಂದರು. ಮೂರು ವರ್ಷ ರಾತ್ರಿ ಎರಡು, ಮೂರು ಗಂಟೆಗೆ ಎದ್ದು ಹೋಗಿ ಬಾವಿಕಟ್ಟೆಯಲ್ಲಿ ಕೂರುತ್ತಿದ್ದರಂತೆ, ಕಲ್ಲು ತಣ್ಣಗಿರುತ್ತದೆ ಅಂತ. ಮನೆಯವರು ನೋಡಿ ಹೆದರಿದರು. ರಾತ್ರಿ ಬಾವಿ ಹತ್ತಿರ ಹೆಂಗಸು ಕೂತರೆ ಊರು ಏನು ಹೇಳುತ್ತದೆ ಅಂತ ಗೊತ್ತಲ್ಲ. ಮಂಡೆ ಸರಿ ಇಲ್ಲ ಅಂದರು, ಯಾವುದೋ ಉಪದ್ರ ಅಂತ ಪ್ರಶ್ನೆ ಇಡಿಸಿದರು, ನೂಲು ಕಟ್ಟಿಸಿದರು. "ನಾನು ಯಾರಿಗೂ ಸೆಕೆ ಅಂತ ಹೇಳಲಿಲ್ಲ, ಎಲ್ಲರಿಗೂ ಸೆಕೆಯೇ ಅಲ್ವಾ" ಅಂದರು. ನನಗೆ ಆ ದಿನ ಊಟ ಸೇರಲಿಲ್ಲ.

ಮನಸ್ಸಿನ ವಿಷಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಈ ವರ್ಷಗಳಲ್ಲಿ ಖಿನ್ನತೆ ಬರುವ ಸಾಧ್ಯತೆ ನಿಜವಾಗಿಯೂ ಜಾಸ್ತಿ, ಮೊದಲು ಹೆರಿಗೆಯ ನಂತರ ಅಥವಾ ಬೇರೆ ಸಮಯದಲ್ಲಿ ಖಿನ್ನತೆ ಇದ್ದವರಿಗೆ ಇನ್ನೂ ಜಾಸ್ತಿ. ನಿದ್ದೆ ಒಡೆದರೆ ಮರೆವು, ಸಿಡುಕು ಎಲ್ಲ ಹಿಂದೆಯೇ ಬರುತ್ತದೆ. ಗೊತ್ತಿರುವ ಪದ ಬಾಯಿಗೆ ಬಾರದಿದ್ದಾಗ ಅರಳುಮರಳು ಶುರುವಾಯಿತು ಅಂತ ಹೆದರುವವರಿದ್ದಾರೆ. ಹೆಚ್ಚಿನವರಲ್ಲಿ ಅದು ಹಾಗಲ್ಲ, ನಿದ್ದೆ ಸರಿಯಾದರೆ ಅದೂ ಸುಧಾರಿಸುತ್ತದೆ.

ಈಗ ಕ್ಯಾಲೆಂಡರಿನ ಮಾತು. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದು ತೂಗುತ್ತದೆ, ಎಲ್ಲರ ಮನೆಯ ಹಾಗೆ. ಗ್ಯಾಸ್ ಬಂದ ದಿನಕ್ಕೆ "ಗ್ಯಾ", ಹಾಲು ಬೇಡ ಅಂದ ದಿನಕ್ಕೆ ಅಡ್ಡಗೀಟು, ಮುಟ್ಟಾದ ದಿನಕ್ಕೆ ಮೂಲೆಯಲ್ಲಿ ಒಂದು ಸಣ್ಣ ಚುಕ್ಕಿ. ಮೊದಲ ಸಲ ಡಾಕ್ಟರ ಹತ್ತಿರ ಹೋದಾಗ "ಸರಿ ಆಗ್ತಾ ಇಲ್ಲ" ಅಂತಷ್ಟೇ ಹೇಳಿದೆ. ಅವರು ಟಾನಿಕ್ ಬರೆದುಕೊಟ್ಟರು. ಎರಡನೇ ಸಲ ಬೇರೆಯವರ ಹತ್ತಿರ ಹೋಗುವಾಗ ಒಂದು ವರ್ಷದ ಹಾಳೆಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದೆ. ಚುಕ್ಕಿಗಳ ನಡುವಿನ ದಿನ ಎಣಿಸಿದರು: 27, 25, 34, 22, 41, ಮತ್ತೆ 63. "ನೋಡಿ, ಮೊದಲು ಒಂದು ವಾರದಷ್ಟು ಹೆಚ್ಚು ಕಡಿಮೆ ಆಗ್ತಾ ಇತ್ತು, ಈಗ ಅರವತ್ತು ದಾಟಿತು, ಅಂದರೆ ನೀವು ಎರಡನೇ ಹಂತಕ್ಕೆ ಬಂದಿದ್ದೀರಿ" ಅಂದರು. ಒಂದು ಸಲದಿಂದ ಮುಂದಿನ ಸಲಕ್ಕೆ ಏಳು ದಿನಕ್ಕಿಂತ ಹೆಚ್ಚಿನ ವ್ಯತ್ಯಾಸ ಪದೇ ಪದೇ ಬಂದರೆ ಶುರುವಿನ ಹಂತ, 60 ದಿನಕ್ಕೂ ಹೆಚ್ಚು ಅಂತರ ಬಿದ್ದರೆ ಕೊನೆಯ ಹಂತ, ಹೆಚ್ಚಾಗಿ ಇನ್ನು ಒಂದರಿಂದ ಮೂರು ವರ್ಷ. ಡಾಕ್ಟರುಗಳು ನಿಜವಾಗಿ ಹೀಗೆಯೇ ಲೆಕ್ಕ ಹಾಕುವುದು. ಅವರಿಗೆ ಬೇಕಾದ ಸಾಕ್ಷಿ ನಮ್ಮ ಗೋಡೆಯಲ್ಲೇ ಇತ್ತು. ಚುಕ್ಕಿಯ ಜೊತೆ ಎಷ್ಟು ಪ್ಯಾಡ್, ಎಷ್ಟು ದಿನ, ರಾತ್ರಿ ಎದ್ದದ್ದು ಎಷ್ಟು ಸಲ ಅಂತ ಬರೆದರೆ ಇನ್ನೂ ಒಳ್ಳೆಯದು.

ನಮ್ಮ ಜಿಲ್ಲೆಗಳಲ್ಲಿ ಈ ಚುಕ್ಕಿಗಳಿಗೆ ಇನ್ನೊಂದು ಕೆಲಸವೂ ಉಂಟು. ದೈವದ ನೇಮ, ತಂಬಿಲದ ಪೂಜೆ, ನಾಗರಪಂಚಮಿ, ಮನೆಯ ಮದುವೆ, ಎಲ್ಲದಕ್ಕೂ "ನಿನ್ನದು ಯಾವಾಗ" ಅನ್ನುವ ಲೆಕ್ಕ. ಲೆಕ್ಕ ತಪ್ಪುವ ಹಾಗಿದ್ದರೆ ಮೆಡಿಕಲ್ಲಿಂದ ಮುಟ್ಟು ಮುಂದೆ ಹಾಕುವ ಮಾತ್ರೆ. ಹೆಚ್ಚಾಗಿ ನೊರೆಥಿಸ್ಟೆರಾನ್. ಇದನ್ನು ಮುಟ್ಟಿನ ದಿನಕ್ಕೆ ಮೂರು ದಿನ ಮೊದಲು ಶುರು ಮಾಡಬೇಕು. ಆ ದಿನವೇ ಗೊತ್ತಿಲ್ಲದಿದ್ದರೆ? ಅದಕ್ಕೇ 45ರ ಆಚೆಗಿನವರು ಹತ್ತು, ಹದಿನೈದು ದಿನ ಮೊದಲೇ ನುಂಗಲು ಶುರು ಮಾಡುತ್ತಾರೆ, ವರ್ಷಕ್ಕೆ ಮೂರು ನಾಲ್ಕು ಸಲ, ಯಾರನ್ನೂ ಕೇಳದೆ. ಇದು ನನಗೆ ತುಂಬ ಚಿಂತೆಯ ವಿಷಯ. ಕಾಲಿನ ರಕ್ತನಾಳದಲ್ಲಿ ಮೊದಲು ರಕ್ತ ಹೆಪ್ಪುಗಟ್ಟಿದವರು, ಲಿವರ್ ತೊಂದರೆ, ಸ್ತನ ಕ್ಯಾನ್ಸರ್ ಇದ್ದವರು ಇದನ್ನು ಮುಟ್ಟಲೇಬಾರದು. ತೂಕ ಜಾಸ್ತಿ ಇರುವವರು, ಸಿಗರೇಟು ಸೇದುವವರು, ಮೈಗ್ರೇನ್ ಇರುವವರು ಕೇಳದೆ ತೆಗೆದುಕೊಳ್ಳಬಾರದು. ಮೇಲಿಂದ ಹೀಗೆ ಮಾತ್ರೆ ನುಂಗಿ ನುಂಗಿ ನಿಜವಾದ ಚುಕ್ಕಿ ಎಲ್ಲಿ ಅಂತ ಡಾಕ್ಟರಿಗೂ ತಿಳಿಯದ ಹಾಗಾಗುತ್ತದೆ. ನೇಮದ ದಿನ ಅಂಗಳದ ಈಚೆ ನಿಂತರೂ ದೈವ ನೋಡುತ್ತದೆ ಅಂತ ನನ್ನ ನಂಬಿಕೆ.

ರಕ್ತ ಹೋಗುವುದು ಎಷ್ಟಾದರೆ ಜಾಸ್ತಿ? ಗಂಟೆಗೊಂದು, ಎರಡು ಗಂಟೆಗೊಂದು ಪ್ಯಾಡ್ ಬದಲಾಯಿಸಬೇಕಾದರೆ, ದೊಡ್ಡ ದೊಡ್ಡ ರಕ್ತದ ಗಡ್ಡೆ ಹೋದರೆ, ಒಂದು ವಾರ ದಾಟಿದರೆ, ರಾತ್ರಿ ಹಾಸಿಗೆಗೆ ಹಳೇ ಸೀರೆ ಹಾಸಿ ಮಲಗಬೇಕಾದರೆ ಅದು ಜಾಸ್ತಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಲ್ಲಿ 57 ಶೇಕಡ ರಕ್ತಹೀನತೆ. ಮೊದಲೇ ಖಾಲಿ ಇರುವ ಕೊಡದಿಂದ ಮತ್ತೆ ಚೆಲ್ಲಿದ ಹಾಗೆ.

ನನ್ನ ಅತ್ತಿಗೆಗೆ 43. ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಸ್ಕ್ಯಾನಿನಲ್ಲಿ ಒಂದು ಸಣ್ಣ ಫೈಬ್ರಾಯ್ಡ್, ಅಂದರೆ ಗರ್ಭಕೋಶದಲ್ಲಿ ಬೆಳೆಯುವ ಕ್ಯಾನ್ಸರ್ ಅಲ್ಲದ ಗಂಟು. ಹೋದ ಕಡೆ ಐದು ನಿಮಿಷದಲ್ಲಿ ತೀರ್ಮಾನ: "ಮಕ್ಕಳು ಆಯ್ತಲ್ಲ, ಗರ್ಭಕೋಶ ತೆಗೆದುಬಿಡುವ." ಅಣ್ಣ ಒಪ್ಪಿಯೂ ಆಗಿತ್ತು. ಅತ್ತಿಗೆಗೆ ಮನಸ್ಸಿರಲಿಲ್ಲ, ಇನ್ನೊಬ್ಬರನ್ನು ಕೇಳಿದರು. ಆ ಡಾಕ್ಟರು ಮೊದಲು ಒಳಪದರದ ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. 45ರ ಆಸುಪಾಸಿನಲ್ಲಿ ಹೀಗೆ ರಕ್ತ ಹೋದರೆ ಕ್ಯಾನ್ಸರ್ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು, ಅದನ್ನು ಬಿಟ್ಟು ಬೇರೆ ಏನು ಮಾಡಿದರೂ ತಪ್ಪೇ. ಅದು ಸರಿ ಇತ್ತು. ಕಬ್ಬಿಣದ ಇಂಜೆಕ್ಷನ್, ಆಮೇಲೆ ಗರ್ಭಕೋಶದೊಳಗೆ ಹಾರ್ಮೋನ್ ಇರುವ ಸಾಧನ, ನೋಡಲು ಕಾಪರ್-ಟಿ ತರವೇ. ಮೊದಲ ನಾಲ್ಕು ತಿಂಗಳು ಹನಿ ಹನಿ ಹೋಗುತ್ತಿತ್ತು, ತೆಗೆಸಿಬಿಡುತ್ತೇನೆ ಅಂತ ಎರಡು ಸಲ ಹೊರಟಿದ್ದರು. ಒಂದು ವರ್ಷ ಕಳೆಯುವಾಗ ಹಿಮೋಗ್ಲೋಬಿನ್ 11.9. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯೂ ಕೆಲವರಿಗೆ ಸಾಕಾಗುತ್ತದೆ, ಅದನ್ನು ರಕ್ತ ಹೋಗುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವುದು.

ಆಪರೇಶನ್ ಯಾವತ್ತೂ ಬೇಡ ಅಂತ ನಾನು ಹೇಳುತ್ತಿಲ್ಲ. ಕ್ಯಾನ್ಸರ್, ತುಂಬ ದೊಡ್ಡ ಫೈಬ್ರಾಯ್ಡ್, ಬೇರೆ ಯಾವುದಕ್ಕೂ ಬಗ್ಗದ ರಕ್ತಸ್ರಾವ ಇದ್ದರೆ ಅದೇ ಸರಿ. ಆದರೆ ಅದು ಮೊದಲ ಮದ್ದಾಗಬಾರದು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟಂತ್ಯ ಒಂದೇ ದಿನದಲ್ಲಿ ಬರುತ್ತದೆ, ಚಿಕ್ಕ ವಯಸ್ಸಿನಲ್ಲಾದರೆ ಮೂಳೆ ಸವೆತ, ಹೃದಯದ ಕಾಯಿಲೆಯ ಅಪಾಯ ಹೆಚ್ಚುತ್ತದೆ. ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಅನಗತ್ಯ ಗರ್ಭಕೋಶ ಆಪರೇಶನ್ ತಡೆಯಲು ಮಾರ್ಗಸೂಚಿ ತಂದಿತು, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. "ಅಂಡಾಶಯ ಉಳಿಸ್ತೀರಾ, ತೆಗೀತೀರಾ?" ಸಹಿ ಹಾಕುವ ಮೊದಲು ಇದೊಂದು ಪ್ರಶ್ನೆಯಾದರೂ ಕೇಳಿ.

ಈ ತೊಂದರೆಗಳಿಗೆ ಕೊಡುವ ಹಾರ್ಮೋನ್ ಮದ್ದಿನ ಹೆಸರೆತ್ತಿದರೆ ನಮ್ಮಲ್ಲಿ ಕೂಡಲೇ "ಕ್ಯಾನ್ಸರ್ ಬರ್ತದಂತೆ" ಅನ್ನುತ್ತಾರೆ. ಆ ಹೆದರಿಕೆಗೆ ಒಂದು ತಾರೀಕು ಉಂಟು. 2002ರ ಜುಲೈಯಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನುವ ದೊಡ್ಡ ಪ್ರಯೋಗದ ಒಂದು ಭಾಗವನ್ನು ಅರ್ಧದಲ್ಲಿ ನಿಲ್ಲಿಸಿದರು. ಎರಡು ಹಾರ್ಮೋನ್ ಸೇರಿಸಿ ಕೊಟ್ಟವರಲ್ಲಿ ವರ್ಷಕ್ಕೆ 10,000 ಹೆಂಗಸರಿಗೆ 8ರಷ್ಟು ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತ್ತು. ಪ್ರಪಂಚ ಪೂರ್ತಿ ಮಾತ್ರೆ ಬಿಟ್ಟರು. ಆದರೆ ಅಲ್ಲಿದ್ದವರ ಸರಾಸರಿ ವಯಸ್ಸು 63, ಮುಟ್ಟು ನಿಂತು ಹತ್ತು ವರ್ಷ ದಾಟಿದವರೇ ಹೆಚ್ಚು, ಕೊಟ್ಟದ್ದೂ ಹಳೆಯ ತರದ ಮಾತ್ರೆ. ಅದನ್ನು 46ರವಳಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ ಅಂತ ಆಮೇಲೆ ಸ್ಪಷ್ಟವಾಯಿತು. ಈಗಿನ ತಿಳುವಳಿಕೆ: 60ರ ಒಳಗಿದ್ದು ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿದ್ದು ಈ ತೊಂದರೆಗಳಿಂದ ಬಳಲುವ, ಬೇರೆ ಕಾಯಿಲೆ ಇಲ್ಲದವರಿಗೆ ಹೆಚ್ಚಾಗಿ ಅಪಾಯಕ್ಕಿಂತ ಲಾಭವೇ ಜಾಸ್ತಿ. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ಇಲಾಖೆಯೂ ಈ ಮದ್ದುಗಳ ಮೇಲಿನ ದೊಡ್ಡ ಎಚ್ಚರಿಕೆ ಪಟ್ಟಿ ತೆಗೆಯಲು ಹೊರಟಿತು. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟಿದವರು, ಲಿವರ್ ಕಾಯಿಲೆಯವರು, ಕಾರಣ ಗೊತ್ತಿಲ್ಲದೆ ರಕ್ತ ಹೋಗುವವರಿಗೆ ಇದು ಆಗುವುದಿಲ್ಲ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು, ಪ್ರೊಜೆಸ್ಟರಾನ್ ಜೊತೆಗಿರಬೇಕು. ಹಾರ್ಮೋನ್ ಬೇಡ ಅನ್ನುವವರಿಗೆ ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಬಿಸಿ ಏಳುವುದು ಕಡಿಮೆಯಾಗುತ್ತದೆ. ಯೋನಿ ಒಣಗಿ ಉರಿಯಾಗುವುದು, ಮೂತ್ರದ ಸೋಂಕು ಪದೇ ಪದೇ ಬರುವುದು ಇದ್ದರೆ ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮು ಉಂಟು, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ನಾಚಿಕೆಯಿಂದ ಎಷ್ಟೋ ಹೆಂಗಸರು ಈ ಒಂದು ವಿಷಯ ಹೇಳದೆ ವರ್ಷಗಟ್ಟಲೆ ಉರಿ ತಡೆದುಕೊಳ್ಳುತ್ತಾರೆ. ಇನ್ನೂ ಒಂದು: ಮುಟ್ಟು ತಪ್ಪುತ್ತಿದೆ ಅಂದರೆ ಗರ್ಭ ನಿಲ್ಲುವುದಿಲ್ಲ ಅಂತ ಅಲ್ಲ. 50ರ ಒಳಗೆ ಮುಟ್ಟು ನಿಂತರೆ ಆಮೇಲೆ ಎರಡು ವರ್ಷ, 50ರ ಮೇಲಾದರೆ ಒಂದು ವರ್ಷ ಗರ್ಭ ನಿಲ್ಲದ ಹಾಗೆ ಜಾಗ್ರತೆ ಬೇಕು.

ಊಟ, ವ್ಯಾಯಾಮದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಮೂಳೆಯ ಮಾತು ಮಾತ್ರ ಹೇಳುತ್ತೇನೆ. ಕೊನೆಯ ಮುಟ್ಟಿಗೆ ಒಂದು ವರ್ಷ ಮೊದಲಿನಿಂದ ಅದರ ನಂತರ ಎರಡು ವರ್ಷದವರೆಗೆ ಮೂಳೆ ಬೇಗ ಬೇಗ ಸವೆಯುತ್ತದೆ. ನಮ್ಮ ಅಜ್ಜಿಯಂದಿರು ಬಾವಿಯಿಂದ ನೀರು ಸೇದಿ, ಕಡೆಯುವ ಕಲ್ಲಿನಲ್ಲಿ ಕಡೆದು, ಗುಡ್ಡೆಯಿಂದ ಸೊಪ್ಪು ಹೊತ್ತು ತಂದರು. ನಮ್ಮದು ಪಂಪು, ಮಿಕ್ಸಿ, ಸ್ಕೂಟರ್. ಸಂಜೆಯ ವಾಕಿಂಗ್ ಒಳ್ಳೆಯದೇ, ಆದರೆ ಭಾರ ಎತ್ತುವ ಕೆಲಸ ವಾರಕ್ಕೆ ಎರಡು ಸಲವಾದರೂ ಬೇಕು, ನೀರು ತುಂಬಿದ ಎರಡು ಬಾಟಲಿಯಿಂದ ಶುರು ಮಾಡಿದರೂ ಆಯಿತು. ಬೂತಾಯಿಯಂತಹ ಸಣ್ಣ ಮೀನನ್ನು ಮುಳ್ಳು ಸಮೇತ ಜಗಿದರೆ ಕ್ಯಾಲ್ಸಿಯಂ, ಮೀನು ತಿನ್ನದವರಿಗೆ ರಾಗಿ, ಎಳ್ಳು, ಮೊಸರು. ಹುರುಳಿ ಸಾರು, ಹರಿವೆ ತಿಂದ ಕೂಡಲೇ ಚಾ ಕುಡಿಯಬೇಡಿ, ಕಬ್ಬಿಣ ಮೈಗೆ ಸರಿಯಾಗಿ ಹಿಡಿಯುವುದಿಲ್ಲ.

ಇನ್ನು ಸರಕಾರದ ಕಡೆಗೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಂಪುಟ ಮುಟ್ಟಿನ ರಜೆಗೆ ಒಪ್ಪಿತು, ತಿಂಗಳಿಗೆ ಒಂದು ದಿನ, ವರ್ಷಕ್ಕೆ 12, ಸಂಬಳ ಸಮೇತ. 52 ವರ್ಷದವರೆಗೆ ಅನ್ವಯ, ಡಾಕ್ಟರ ಸರ್ಟಿಫಿಕೇಟೂ ಬೇಡ. ತುಂಬ ಒಳ್ಳೆಯ ಹೆಜ್ಜೆ, ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಒಂದು ತಿಂಗಳ ರಜೆ ಮುಂದಿನ ತಿಂಗಳಿಗೆ ಸೇರುವುದಿಲ್ಲ. 28 ದಿನಕ್ಕೆ ಸರಿಯಾಗಿ ಆಗುವವರಿಗೆ ಇದು ಹೊಂದುತ್ತದೆ. ಎರಡು ತಿಂಗಳು ಏನೂ ಇಲ್ಲದೆ ಮೂರನೇ ತಿಂಗಳು ಹನ್ನೆರಡು ದಿನ ಹೋಗುವ 47ರವಳಿಗೆ ಉಳಿಯುವುದು ಒಂದೇ ದಿನ. ಮೂರು ತಿಂಗಳ ಮೂರು ದಿನವನ್ನು ಒಟ್ಟಿಗೆ ತೆಗೆದುಕೊಳ್ಳಲು ಬಿಟ್ಟರೆ ಸರಕಾರಕ್ಕೆ ಒಂದು ದಿನವೂ ಹೆಚ್ಚು ಕೊಡಬೇಕಾಗುವುದಿಲ್ಲ. ಆದೇಶದಲ್ಲಿ 1966ರ ಬೀಡಿ ಕಾರ್ಮಿಕರ ಕಾಯ್ದೆಯ ಹೆಸರೂ ಇದೆ, ನಮ್ಮ ಜಿಲ್ಲೆಗೆ ಅದು ದೊಡ್ಡ ವಿಷಯ. ಆದರೆ ನಮ್ಮಲ್ಲಿ ಎಷ್ಟೋ ಹೆಂಗಸರು ಬೀಡಿ ಕಟ್ಟುವುದು ಮನೆಯ ಚಾವಡಿಯಲ್ಲಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಸಾವಿರಕ್ಕೆ ಇಷ್ಟು ಅಂತ. ಕಟ್ಟದ ದಿನ ಎಣಿಸಲು ಬೀಡಿ ಇಲ್ಲ, ಬೀಡಿ ಇಲ್ಲದಿದ್ದರೆ ದುಡ್ಡಿಲ್ಲ. ಅವರಿಗೆ ರಜೆಯ ಸಂಬಳ ಯಾರು, ಹೇಗೆ ಕೊಡುವುದು ಅಂತ ಬಿಡಿಸಿ ಹೇಳಬೇಕು.

ಅವರ ಬಾಗಿಲಿಗೆ ಹೋಗುವವರು ಒಬ್ಬರಿದ್ದಾರೆ, ಆಶಾ ಕಾರ್ಯಕರ್ತೆ. 30 ದಾಟಿದ ಎಲ್ಲರಿಗೂ ಅವರು ಒಂದು ಫಾರ್ಮ್ ತುಂಬಿಸುತ್ತಾರೆ, ಬಿಪಿ, ಸಕ್ಕರೆ, ಕ್ಯಾನ್ಸರ್ ಇವುಗಳ ಅಪಾಯ ಹುಡುಕಲು. ಅದರಲ್ಲಿ ಹೆಂಗಸರಿಗೆಂದೇ ಕೆಲವು ಪ್ರಶ್ನೆಗಳಿವೆ: ಸ್ತನದಲ್ಲಿ ಗಂಟು ಉಂಟಾ, ಮುಟ್ಟಿನ ನಡುವೆ ರಕ್ತ ಹೋಗ್ತದಾ, ಮುಟ್ಟು ನಿಂತ ಮೇಲೆ ಹೋಗ್ತದಾ. ಕೊನೆಯದ್ದು ತುಂಬ ಮುಖ್ಯ, ಒಂದು ವರ್ಷ ನಿಂತ ಮೇಲೆ ಒಂದೇ ಹನಿ ಕಂಡರೂ ಡಾಕ್ಟರ ಹತ್ತಿರ ಹೋಗಲೇಬೇಕು. ಆದರೆ ಆ ಎರಡು ಪ್ರಶ್ನೆಗಳ ನಡುವೆ, ಮುಟ್ಟು ಇರುವುದಕ್ಕೂ ನಿಲ್ಲುವುದಕ್ಕೂ ನಡುವಿನ ಹೆಂಗಸಿಗೆ ಏನೂ ಇಲ್ಲ. ಎರಡು ಸಾಲು ಸೇರಿಸಿದರೆ ಸಾಕು, ಚಾವಡಿಯಲ್ಲಿ ಕೂತು ಕೇಳುವ ಮಾತಿನಲ್ಲೇ ಇರಲಿ: ತಿಂಗಳ ಲೆಕ್ಕ ತಪ್ಪಲು ಶುರುವಾಗಿದೆಯಾ? ರಾತ್ರಿ ಬಿಸಿ ಆಗಿ ಎಚ್ಚರ ಆಗ್ತದಾ?